ಕೈಗೆ ಕೊಡದ ಹಾರ

ಹೋಗಲಿ ಬಿಡು, ಮರೆತುಬಿಡು ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಆಫೀಸಿನಲ್ಲಿ ಇಂಥವರು ಬಹಳ ಜನ ಇದ್ದಾರೆ. ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿಗೆ ಬಂದ ವರ್ಷ, ನಮ್ಮಮ್ಮ ಕೂತು ಹೂವು ಮಾರುತ್ತಿದ್ದ ಜಾಗ ಹೋಯಿತು ಎಂದು ನಾನು ಹೇಳಿಕೊಂಡಾಗ ಅವರೆಲ್ಲ ಅಯ್ಯೋ ಪಾಪ ಎಂದರು. ಆಮೇಲೆ ಪಂದ್ಯದ ಟಿಕೆಟ್ ಎಲ್ಲಾದರೂ ಸಿಗುತ್ತದಾ ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಂಡರು. ಮರೆಯುವುದು ಅವರಿಗೆ ಸುಲಭ, ಹೋದದ್ದು ಅವರ ಜಾಗವಲ್ಲ.

ಅಮ್ಮನ ಜಾಗ ಹಲಸೂರು ಕೆರೆಯ ಕಡೆಯಿಂದ ಮೆಟ್ರೋ ಕಡೆಗೆ ಬರುವ ರಸ್ತೆಯ ಒಂದು ತಿರುವಿನಲ್ಲಿತ್ತು. ಹಳೆಯ ಕಾಂಪೌಂಡ್ ಗೋಡೆ, ಅದರ ಪಕ್ಕ ಒಂದು ಹೊಂಗೆಮರ, ಮರದ ಬುಡದಲ್ಲಿ ಗೋಣಿತಾಟು, ತಾಟಿನ ಮೇಲೊಂದು ಮಣೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಲ್ಲಿ ಬಂದು ಕೂತಳು. ನನ್ನ ಓದು, ನನ್ನ ಮದುವೆ, ಅದು ಮುರಿದು ನಾನು ವಾಪಸ್ ಬಂದದ್ದು, ಎಲ್ಲವನ್ನೂ ಅವಳು ನಿಭಾಯಿಸಿದ್ದು ಆ ಮಣೆಯ ಮೇಲೆ ಕೂತೇ. ಬೆಳಕು ಹರಿಯುವ ಹೊತ್ತಿಗೆ ರಸೆಲ್ ಮಾರುಕಟ್ಟೆಯಿಂದ ಬಿಡಿ ಹೂವು ತಂದು, ಅಲ್ಲೇ ಕಟ್ಟಿ, ಅಲ್ಲೇ ಮಾರುತ್ತಿದ್ದಳು. ಅವಳ ಮೊಳ ಬೇರೆಯವರ ಮೊಳಕ್ಕಿಂತ ಉದ್ದ, ಅದರ ಮೇಲೆ ಕೊಸರು ಬೇರೆ. ದೇವಸ್ಥಾನಕ್ಕೆ ಹೊರಟ ಮುದುಕಿಯರ ಜೊತೆ ತಮಿಳು, ಇಂದಿರಾನಗರದ ಆಫೀಸುಗಳಿಗೆ ಹೋಗುವ ಹುಡುಗಿಯರ ಜೊತೆ ಕನ್ನಡ, ಮದುವೆಗೆ ಹೂವು ಹೇಳಲು ಶಿವಾಜಿನಗರದಿಂದ ಬರುವವರ ಜೊತೆ ತನ್ನದೇ ಒಂದು ಮುರುಕಲು ದಖ್ನಿ ಉರ್ದು. ಎಷ್ಟೋ ಮನೆಯವರು ಬೀಗದ ಕೈಯನ್ನು ಅವಳ ಹತ್ತಿರ ಕೊಟ್ಟು ಹೋಗುತ್ತಿದ್ದರು. ಆ ತಿರುವಿನಲ್ಲಿ ಕೂತಾಗ ನಮ್ಮಮ್ಮ ನಾಲ್ಕು ಜನಕ್ಕೆ ಬೇಕಾದವಳು. ಮನೆಯೊಳಗೆ ಅವಳು ಮಂಡಿನೋವಿನ ಮುದುಕಿ, ಅಷ್ಟೇ.

ಪಂದ್ಯಗಳು ಹತ್ತಿರ ಬಂದಂತೆ ನಮ್ಮ ರಸ್ತೆಗೆ ಯೋಗ ಬಂತು. ಆಟಗಾರರ ಬಸ್ಸು ಹೋಟೆಲಿನಿಂದ ಸ್ಟೇಡಿಯಮ್ಮಿಗೆ ಅದೇ ದಾರಿಯಲ್ಲಿ ಹೋಗುತ್ತದಂತೆ. ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡಿದ್ದ ಗುಂಡಿಗಳು ಮುಚ್ಚಿಕೊಂಡವು. ಗೋಡೆಯ ಮೇಲೆ ಬ್ಯಾಟು ಬಾಲು ಬರೆದರು. ಹೊಂಗೆಮರದ ಕೊಂಬೆಗಳನ್ನು ಬಸ್ಸಿಗೆ ತಾಗುತ್ತವೆಂದು ಕಡಿದು ಅದನ್ನು ಬೋಳುಗಂಬ ಮಾಡಿದರು. ನಾವಿರುವ ಸಂದಿಯ ಬಾಯಿಗೆ ಹಸಿರು ಬಟ್ಟೆ ಕಟ್ಟಿದರು. ನಾವು, ನಮ್ಮ ನೀರಿನ ಡ್ರಮ್ಮುಗಳು, ಒಣಹಾಕಿದ ಬಟ್ಟೆಗಳು ಹೊರದೇಶದವರ ಕಣ್ಣಿಗೆ ಬೀಳಬಾರದು. ಬಸ್ಸು ಆ ತಿರುವು ದಾಟಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಅಷ್ಟಕ್ಕಾಗಿ ಇಡೀ ಸಂದಿಯನ್ನು ಮುಚ್ಚಿಟ್ಟರು.

ಇದಕ್ಕೆಲ್ಲ ಮುಂದೆ ನಿಂತಿದ್ದವನು ನಮ್ಮ ಏರಿಯಾದ ಲೀಡರು. ಅವನಿಗೆ ಯಾವ ಹುದ್ದೆಯೂ ಇರಲಿಲ್ಲ, ಆದರೆ ಫ್ಲೆಕ್ಸುಗಳಲ್ಲಿ ಅವನ ಮುಖವಿಲ್ಲದೆ ಒಂದು ಹಬ್ಬವೂ ಆಗುತ್ತಿರಲಿಲ್ಲ. ಎಲ್ಲರೂ ಅವನನ್ನು ಅಣ್ಣ ಎನ್ನುತ್ತಿದ್ದರು. ಅಮ್ಮ ಮಾತ್ರ ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದಳು. ಅವನು ಇದೇ ಹಲಸೂರಿನಲ್ಲಿ ಚಡ್ಡಿ ಹಾಕಿಕೊಂಡು ತಿರುಗಿದವನು, ಅವನ ಮದುವೆಯ ಹಾರ ಕಟ್ಟಿದವಳು ಇವಳು. ಅವನೇ ಬಂದು ಅಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತು, ಫುಟ್‌ಪಾತ್ ಖಾಲಿ ಮಾಡಿಸಬೇಕೆಂದು ಮೇಲಿನವರು ಹೇಳಿದ್ದಾರೆ, ತನ್ನ ಕೈಯಲ್ಲಿ ಏನೂ ಇಲ್ಲ ಎಂದು ಅಲವತ್ತುಕೊಂಡ. "ಮ್ಯಾಚ್ ಮುಗೀಲಿ ಅಮ್ಮ, ನಾನೇ ಕೈ ಹಿಡ್ಕೊಂಡು ಬಂದು ಇಲ್ಲೇ ಕೂರಿಸ್ತೀನಿ" ಎಂದ. ಅಮ್ಮ ನಂಬಿದಳು. ಮಣೆ ಎತ್ತಿಕೊಂಡು ಮನೆಗೆ ಬಂದಳು.

ಪಂದ್ಯಗಳು ಮುಗಿದವು. ಅಮ್ಮ ಮಣೆ ಹಿಡಿದು ಹೋದರೆ ಅವಳ ಜಾಗದ ಸುತ್ತ ಸ್ಟೀಲ್ ಕಂಬಿ ಬಂದಿತ್ತು. ಒಳಗೆ ಸಿಮೆಂಟಿನ ದೊಡ್ಡ ಕುಂಡಗಳು, ಅವುಗಳ ಪಕ್ಕದಲ್ಲಿ ಒಂದು ಜ್ಯೂಸಿನ ಗಾಡಿ. ಗಾಡಿ ಲೀಡರನ ಭಾಮೈದನದು. ಫುಟ್‌ಪಾತಿನ ಅಂದ ಕೆಡಿಸುತ್ತಿದ್ದದ್ದು ಮಲ್ಲಿಗೆ ಹೂವಂತೆ, ಮೋಸಂಬಿ ಸಿಪ್ಪೆ ಅಲ್ಲವಂತೆ. ಅಮ್ಮ ಲೀಡರನ ಆಫೀಸಿಗೆ ಹೋಗಿ ಕಾದಳು. ಇನ್ನೂ ಒಂದು ಸೀರೀಸ್ ಬರುತ್ತದೆ, ಅದು ಮುಗಿಯಲಿ ಎಂದ. ಇನ್ನೊಮ್ಮೆ ಹೋದಾಗ ಅವನು ಒಳಗೇ ಇದ್ದು ಇಲ್ಲ ಎನ್ನಿಸಿದ. ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದ ಅಮ್ಮನನ್ನು ಆಟೋದಲ್ಲಿ ಕರೆದುಕೊಂಡು ಬಂದವಳು ನಾನು. ದಾರಿಯುದ್ದಕ್ಕೂ ಅವನ ವಂಶವನ್ನೆಲ್ಲ ಜಾಲಾಡಿದೆ. ಆಟೋದವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ಅಮ್ಮನಿಗೆ ಹೂವು ಕಟ್ಟದೆ ಇರಲು ಬರುವುದಿಲ್ಲ. ಪಕ್ಕದ ಮನೆಯಾಕೆಯ ಕೈಲಿ ಒಂದಿಷ್ಟು ಹೂವು ತರಿಸಿಕೊಂಡು ಮನೆಯಲ್ಲೇ ಕೂತು ಕಟ್ಟುತ್ತಿದ್ದಳು. ಕೊಳ್ಳಲು ಸಂದಿಯೊಳಗೆ ಯಾರು ಬರುತ್ತಾರೆ? ಉಳಿದದ್ದನ್ನೆಲ್ಲ ದೇವರ ಪಟಗಳಿಗೆ ಹಾಕುತ್ತಿದ್ದಳು. ನಮ್ಮ ದೇವರುಗಳು ಅಷ್ಟು ಹೂವನ್ನು ಯಾವತ್ತೂ ಕಂಡಿರಲಿಲ್ಲ, ಅವರ ಮುಖವೇ ಕಾಣುತ್ತಿರಲಿಲ್ಲ. ಕ್ರಮೇಣ ಅವಳ ಮಾತು ಕಡಿಮೆಯಾಯಿತು. ಮಧ್ಯಾಹ್ನವೂ ಮಲಗತೊಡಗಿದಳು. ಜೀವಮಾನದಲ್ಲಿ ಹಗಲು ಮಲಗಿದ ಹೆಂಗಸಲ್ಲ ಅದು. ಹೀಗೇ ಬಿಟ್ಟರೆ ಅಮ್ಮ ಕೈಬಿಟ್ಟು ಹೋಗುತ್ತಾಳೆ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು. ಹೆದರಿಕೆಯಾದಷ್ಟೂ ಸಿಟ್ಟು ಹೆಚ್ಚಿತು.

ಅಷ್ಟರಲ್ಲಿ ಲೀಡರನಿಗೆ ಸನ್ಮಾನ ಎಂದು ಫ್ಲೆಕ್ಸು ಎದ್ದಿತು. ರಸ್ತೆಯನ್ನು ಸುಂದರವಾಗಿ ಮಾಡಿ ಊರಿನ ಮರ್ಯಾದೆ ಉಳಿಸಿದ್ದಕ್ಕಂತೆ. ಅವನ ಹಿಂಬಾಲಕರು ನಮ್ಮ ಮನೆಗೇ ಬಂದು ಆಳೆತ್ತರದ ಹಾರ ಬೇಕು, ಅಂಥ ಹಾರ ಕಟ್ಟುವ ಕೈ ಇಡೀ ಹಲಸೂರಿನಲ್ಲಿ ಅಮ್ಮನದು ಮಾತ್ರ ಎಂದು ಹೊಗಳಿದರು. ನಾನು ಬಾಗಿಲು ಹಾಕಿಕೊಳ್ಳುವುದರಲ್ಲಿದ್ದೆ. ಅಮ್ಮ ಒಪ್ಪಿಕೊಂಡುಬಿಟ್ಟಳು. ಹಾರ ಕೇಳಿ ಬಂದವರನ್ನು ತಾನು ಯಾವತ್ತೂ ಬರಿಗೈಲಿ ಕಳಿಸಿಲ್ಲ ಎಂದಳು. ಕಟ್ಟಿದಳು ನೋಡಿ, ಸುಗಂಧರಾಜ, ಕೆಂಪು ಗುಲಾಬಿ, ನಡುನಡುವೆ ಮರುಗ. ಅಷ್ಟು ಚೆಂದದ ಹಾರ ಆ ಕುತ್ತಿಗೆಗೆ ಹೋಗುತ್ತದಲ್ಲ ಎಂದು ನಾನು ಪಾತ್ರೆಗಳನ್ನು ಕುಕ್ಕುತ್ತ ಓಡಾಡಿದೆ.

ಸನ್ಮಾನದ ದಿನ ಲೀಡರು ತಾನೇ ಬಂದ. ಬಿಳಿ ಬಟ್ಟೆ, ಹಿಂದೆ ನಾಲ್ಕಾರು ಜನ, ಒಬ್ಬನ ಕೈಯಲ್ಲಿ ವೀಡಿಯೊ ಮಾಡಲು ಫೋನು. ಬಡ ಹೂವಿನಮ್ಮ ಅಣ್ಣನಿಗೆ ಪ್ರೀತಿಯಿಂದ ಹಾರ ಕೊಡುವುದನ್ನು ಎಲ್ಲರಿಗೂ ಕಳಿಸುವುದು ಅವರ ಉಪಾಯ. ಅಮ್ಮನಿಗೆ ಮಂಡಿ ಊದಿಕೊಂಡು ಏಳಲಾಗಲಿಲ್ಲ. ಒಳಗಿನಿಂದಲೇ, ಹಾರ ಕೊಡು ಎಂದು ನನಗೆ ಹೇಳಿದಳು. ನಾನು ಬಾಗಿಲಲ್ಲಿ ನಿಂತು, ಅಮ್ಮನ ಜಾಗದ ವಿಷಯ ಏನಾಯಿತು ಅಣ್ಣ ಎಂದು ಕೇಳಿದೆ. ಫೋನಿನಲ್ಲಿ ವೀಡಿಯೊ ಇನ್ನೂ ಶುರುವಾಗಿರಲಿಲ್ಲ.

"ಮ್ಯಾಚ್‌ಗಳು ಬರ್ತಾನೇ ಇರ್ತವೆ ತಂಗಿ" ಎಂದು ನಕ್ಕ. "ಮನೆ ಇದೆಯಲ್ಲ. ಇಲ್ಲೇ ಕೂತು ಮಾರ್ಲಿ ಬಿಡು, ವಯಸ್ಸಾಯ್ತು."

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ಎಲ್ಲ ಕಡೆ ಇದೆಯೋ ಇಲ್ಲವೋ ಗೊತ್ತಿಲ್ಲ, ನಮ್ಮ ಕಡೆಯ ಹೂವಿನವರಲ್ಲಿ ಇದೆ. ಸತ್ತವರಿಗೆ ಹೋಗುವ ಹಾರವನ್ನು ನಾವು ಕೈಯಿಂದ ಕೈಗೆ ಕೊಡುವುದಿಲ್ಲ. ನೆಲದ ಮೇಲೆ ಬಾಳೆಲೆ ಹಾಕಿ, ಅದರ ಮೇಲಿಟ್ಟು ಸುಮ್ಮನೆ ಹಿಂದೆ ಸರಿಯುತ್ತೇವೆ. ಒಯ್ಯುವವರೇ ಬಗ್ಗಿ ಎತ್ತಿಕೊಳ್ಳಬೇಕು. ಹೋಗಿ ಬನ್ನಿ ಎನ್ನುವುದಿಲ್ಲ. ಹಲಸೂರಿನ ಹಳೆಯ ಹೆಂಗಸರಿಗೆಲ್ಲ ಇದು ಗೊತ್ತು. ಲೀಡರನಿಗೆ ಗೊತ್ತಿರಲಿಲ್ಲ. ಯಾರ ಸಾವಿಗೂ ಅವನು ತಾನೇ ಹಾರ ಕೊಳ್ಳಲು ಬಂದವನಲ್ಲ, ಆಳು ಕಳಿಸಿ ತರಿಸಿದವನು.

ನಾನು ಒಳಗಿನಿಂದ ಬಾಳೆಲೆ ತಂದೆ. ಹೊಸ್ತಿಲಾಚೆ ಅವನ ಕಾಲ ಬಳಿ ಹಾಸಿದೆ. ಹಾರವನ್ನು ಅದರ ಮೇಲೆ ಉದ್ದಕ್ಕೆ ಮಲಗಿಸಿ ಹಿಂದೆ ಸರಿದು ನಿಂತೆ. ಹೋಗಿ ಬನ್ನಿ ಎನ್ನಲಿಲ್ಲ. ಎದುರು ಮನೆಯ ಅಜ್ಜಿ ಕೊಡ ಹಿಡಿದು ನಿಂತಿದ್ದರು, ಅವರ ಕೈ ಕೆನ್ನೆಗೆ ಹೋಯಿತು. ಲೀಡರು ಅದನ್ನು ಭಕ್ತಿ ಎಂದುಕೊಂಡಿರಬೇಕು. ಬಗ್ಗಿ, ಹಾರ ಎತ್ತಿ, ತಾನೇ ಕೊರಳಿಗೆ ಹಾಕಿಕೊಂಡು ಫೋನಿನ ಕಡೆ ಕೈಮುಗಿದ. ಒಳಗೆ ಅಮ್ಮ ಗೋಡೆ ಹಿಡಿದು ಎದ್ದು ನಿಂತು ಎಲ್ಲ ನೋಡಿದ್ದಳು. ಅವರು ಹೋದ ಮೇಲೆ ಅವಳು ನನ್ನ ಹತ್ತಿರ ಮಾತು ಬಿಟ್ಟಳು. ನನಗೆ ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಆ ವೀಡಿಯೊವನ್ನು ಏರಿಯಾದ ಎಲ್ಲ ವಾಟ್ಸಾಪ್ ಗುಂಪುಗಳಿಗೆ ಹಾಕಿದ್ದು ಅವರೇ, ನಾನಲ್ಲ. ಹಿಂದೆ ಸಂಗೀತ ಬೇರೆ ಸೇರಿಸಿದ್ದರು. ಮೊಮ್ಮಕ್ಕಳ ಫೋನಿನಲ್ಲಿ ಅದನ್ನು ನೋಡಿದ ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸನ್ಮಾನ ಮುಗಿಯುವ ಹೊತ್ತಿಗೆ ಸುದ್ದಿ ಕೆರೆಯ ಆಚೆ ದಡಕ್ಕೂ ಹೋಗಿತ್ತು. ಮಾರನೆಯ ದಿನದಿಂದ ಜನ ಲೀಡರನನ್ನು ನಿಲ್ಲಿಸಿ, ಹುಷಾರಾಗಿದ್ದೀರಾ ಅಣ್ಣ, ಊಟ ನಿದ್ದೆ ಸರಿಯಾಗಿದೆಯಾ ಎಂದು ಕೇಳತೊಡಗಿದರು. ಗಾಡಿ ಓಡಿಸುವಾಗ ಜೋಪಾನ ಎಂದರು. ಯಾರೋ ಅವನಿಗೆ ವಿಷಯ ಬಿಡಿಸಿ ಹೇಳಿದರಂತೆ, ಅವನು ಮೂಢನಂಬಿಕೆ ಎಂದು ಬೈದನಂತೆ. ಆಮೇಲೆ ಅವನಿಗೆ ಶೀತ ಜ್ವರ ಬಂತು. ಬರೀ ಶೀತ. ನಾನು ಖುಷಿಯಲ್ಲಿ ಕೇಸರಿಬಾತ್ ಮಾಡಿದೆ. ಅಮ್ಮ ಅದನ್ನು ಮುಟ್ಟಲಿಲ್ಲ.

ನಮ್ಮ ಮನೆಗೆ ಬಂದವರು ಲೀಡರನ ತಾಯಿ. ಅಮ್ಮನ ಹಳೆಯ ಗಿರಾಕಿ, ಗಂಡ ಹೋದ ಮೇಲೂ ಮನೆದೇವರಿಗೆಂದು ತಪ್ಪದೆ ಹೂವು ಒಯ್ಯುತ್ತಿದ್ದ ಹೆಂಗಸು. ಒಳಗೆ ಬರಲಿಲ್ಲ, ಹೊಸ್ತಿಲ ಮೇಲೆ ಕೂತುಬಿಟ್ಟರು. ಅಳಲಿಲ್ಲ. ಮಗ ಮೇಲುಮೇಲೆ ಮೂಢನಂಬಿಕೆ ಎಂದು ಬೈಯುತ್ತಾನೆ, ಆದರೆ ರಾತ್ರಿ ದೀಪ ಆರಿಸಿ ಮಲಗುತ್ತಿಲ್ಲ ಎಂದರು. ನನ್ನ ಕಡೆ ತಿರುಗಿಯೂ ನೋಡದೆ ಅಮ್ಮನಿಗೆ ಹೇಳಿದರು: "ಅಕ್ಕ, ನಿಮ್ಮ ಕೈಯಾರೆ ಅವನ ಕೈಗೆ ಒಂದು ಮೊಳ ಹೂವು ಕೊಟ್ಬಿಡಿ. ಸಾಕು. ನನ್ನ ಜೀವಕ್ಕೆ ಸಮಾಧಾನ ಆಗುತ್ತೆ."

ನಾನು ಬಾಯಿ ತೆರೆದೆ. ಅಮ್ಮ ಕೈ ಎತ್ತಿ ತಡೆದಳು. ಅವಳ ಮನಸ್ಸು ಕರಗಿತು, ಈಗ ಬುಟ್ಟಿಯಿಂದ ಹೂವು ತೆಗೆದು ಮಗನನ್ನು ಕರೆಸಿ ಅನ್ನುತ್ತಾಳೆ, ಎಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು ಎಂದುಕೊಂಡೆ. ಅಮ್ಮ ನಾರಿನ ಎಳೆಯೊಂದನ್ನು ಬಿಡಿಸಿ ಪಕ್ಕಕ್ಕಿಟ್ಟಳು.

"ಕೊಡ್ತೀನಿ ಕಣಮ್ಮ, ಕೊಡದೆ ಏನು" ಎಂದಳು. "ಎಲ್ಲಿ ಕೂತ್ಕೊಂಡು ಕೊಡ್ಲಿ? ನಾನು ಮನೇಲಿ ಹೂವು ಮಾರೋಳಲ್ಲ."

ಲೀಡರನ ತಾಯಿ ಅಮ್ಮನನ್ನು ನೋಡಿದರು. ಆಮೇಲೆ ಆಯಿತೆಂದು ತಲೆಯಾಡಿಸಿ, ಸೆರಗು ಕೊಡವಿಕೊಂಡು ಎದ್ದು ಹೋದರು. ಅಮ್ಮ ಮಾತು ಬಿಟ್ಟದ್ದನ್ನು ಮರೆತು, ಕಾಫಿ ಇಡು ಎಂದು ನನಗೆ ಹೇಳಿದಳು.

ಮರುದಿನ ನಾನು ಆಫೀಸಿಗೆ ರಜಾ ಹಾಕಿ, ಅಮ್ಮನ ಜಾಗದಲ್ಲಿ ಏನಾಗುತ್ತದೆಂದು ನೋಡಲು ಹೋದೆ. ಕಂಬಿಯನ್ನು ವೆಲ್ಡಿಂಗ್ ಮಾಡಿದ್ದ ಅದೇ ಆಳುಗಳು ಅದನ್ನು ಕತ್ತರಿಸುತ್ತಿದ್ದರು. ಕಿಡಿಗಳು ಹಾರುತ್ತಿದ್ದವು. ಸಿನಿಮಾ ನೋಡಿದ ಹಾಗೆ ನಿಂತು ನೋಡಿದೆ. ಭಾಮೈದ ಗಾಡಿಯನ್ನು ತಳ್ಳಿಕೊಂಡು ಹೋಗುವಾಗ ನನ್ನ ಕಡೆ ಕೆಂಗಣ್ಣು ಬಿಟ್ಟ. ನಾನೂ ಬಿಟ್ಟೆ. ಅಮ್ಮ ಮಣೆ ಹಾಕಿ ಕೂತಳು. ಮರದ ನೆರಳು ಹೋಗಿತ್ತು, ಕೊಡೆ ಕಟ್ಟಿಕೊಂಡಳು. ಎಷ್ಟೋ ಗಿರಾಕಿಗಳು ಫೋನಿನಲ್ಲೇ ಹೂವು ತರಿಸಿಕೊಳ್ಳುವುದನ್ನು ಕಲಿತುಬಿಟ್ಟಿದ್ದರು, ಅವರು ಮತ್ತೆ ಬರಲಿಲ್ಲ. ಬೀಗದ ಕೈಗಳು ಮಾತ್ರ ಒಂದೊಂದಾಗಿ ಬಂದವು. ಲೀಡರು ಸಂಜೆ ಬಂದು, ಎರಡೂ ಕೈ ಚಾಚಿ ಒಂದು ಮೊಳ ಮಲ್ಲಿಗೆ ಇಸಿದುಕೊಂಡ. ಅಮ್ಮ ಅವನಿಗೂ ಕೊಸರು ಹಾಕಿದಳು. ನನಗೆ ಅದು ಹಿಡಿಸಲಿಲ್ಲ.

ಅದಾದ ಮೇಲೆ ಹೊರದೇಶದ ಇನ್ನೊಂದು ತಂಡ ಬಂತು. ಮತ್ತೆ ಅದೇ ಬಸ್ಸು, ಅದೇ ದಾರಿ, ಸಂದಿಯ ಬಾಯಿಗೆ ಅದೇ ಹಸಿರು ಬಟ್ಟೆ. ಅವತ್ತು ನಾನು ಅಮ್ಮನಿಗೆ ಬುತ್ತಿ ಕೊಡಲು ಹೋಗಿದ್ದೆ. ಪೊಲೀಸರು ಒಬ್ಬೊಬ್ಬರನ್ನೇ ಎಬ್ಬಿಸುತ್ತ ಬಂದರು. ಅಮ್ಮನ ಹತ್ತಿರ ಬರುವಷ್ಟರಲ್ಲಿ ರಸ್ತೆಯ ಆಚೆಯಿಂದ ಲೀಡರು ಓಡಿ ಬಂದ. ಏದುಸಿರು ಬಿಡುತ್ತ, ಬೇರೆ ಯಾರನ್ನು ಬೇಕಾದರೂ ಎಬ್ಬಿಸಿ, ಈ ಅಮ್ಮನನ್ನು ಮಾತ್ರ ಬಿಟ್ಟುಬಿಡಿ ಎಂದು ಕೇಳಿಕೊಂಡ. ಪಕ್ಕದಲ್ಲಿ ಕಡಲೆಕಾಯಿ ಮಾರುವ ಒಬ್ಬ ಮುದುಕ ಆಗಲೇ ಬುಟ್ಟಿ ಹೊತ್ತು ಎದ್ದಿದ್ದ. ಅಮ್ಮ ಅವನ ಲುಂಗಿಯ ಅಂಚು ಹಿಡಿದು ಕೂರಿಸಿದಳು. ಇವರೂ ನನ್ನ ಜೊತೆ ಇರುತ್ತಾರಪ್ಪ ಎಂದಳು, ದನಿ ಏರಿಸದೆ. ಲೀಡರು ಒಮ್ಮೆ ಪೊಲೀಸಿನವರ ಮುಖ, ಒಮ್ಮೆ ಅಮ್ಮನ ಮುಖ ನೋಡಿದ. ಅವರೂ ಇರಲಿ ಸಾರ್ ಎಂದ.

ಬಸ್ಸು ಹೋಯಿತು. ಕಪ್ಪು ಗಾಜು, ಒಳಗೆ ಯಾರಿದ್ದರೋ ಕಾಣಲಿಲ್ಲ. ಲೀಡರು ಎಲ್ಲ ಮುಗಿಯುವವರೆಗೂ ಅಲ್ಲೇ ಕಾದು ನಿಂತಿದ್ದು, ಅಮ್ಮನಿಗೆ ತಲೆಬಾಗಿಸಿ ಹೊರಟುಹೋದ. ಕಡಲೆಕಾಯಿ ಮುದುಕ, ಎಷ್ಟು ಬದಲಾಗಿಬಿಟ್ಟ ಅಲ್ವಾ ಈ ಮನುಷ್ಯ ಎಂದು ಮೆಚ್ಚಿಕೊಂಡ. ನನಗೆ ತಡೆಯಲಾಗಲಿಲ್ಲ. ಬದಲಾಗಿಲ್ಲ ಅಮ್ಮ, ಅವನು ಹೆದರಿದ್ದಾನೆ ಅಷ್ಟೇ ಎಂದು ಅವಳ ಕಿವಿಯಲ್ಲಿ ಹೇಳಿದೆ.

ಅಮ್ಮ ಕಟ್ಟುತ್ತಿದ್ದ ಮಾಲೆಯಿಂದ ತಲೆ ಎತ್ತಲಿಲ್ಲ.

"ಗೊತ್ತು ಕಣೆ" ಎಂದಳು. "ಹಂಗೇ ಇರ್ಲಿ."