ಸೀಟಿನ ಮೇಲಿನ ಬೂಟು

ಒಲೀಟಾ ಸ್ಟಾಂಪರ್ ಮರದ ದೊಣ್ಣೆ ಹಿಡಿದು ಲಾರಿಯ ಟೈರುಗಳನ್ನು ಒಂದೊಂದಾಗಿ ಬಡಿಯುತ್ತಿದ್ದಳು. ಗಾಳಿ ಸರಿಯಾಗಿದ್ದ ಟೈರು ದೊಣ್ಣೆಯನ್ನು ಪುಟಿಸಿ ವಾಪಸು ಕಳಿಸುತ್ತದೆ. ಇಳಿದದ್ದು ಧಪ್ಪೆಂದು ಸುಮ್ಮನಾಗುತ್ತದೆ. ಅಮರಿಲ್ಲೋ ಊರಿನ ಹೊರಗಿದ್ದ ಆ ಟ್ರಕ್ ಸ್ಟಾಪಿನಲ್ಲಿ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಹಿಂದಿನ ಸಾಲಿನ ಟೈರುಗಳನ್ನು ಮುಗಿಸಿದವಳು ಒಂದು ಗಳಿಗೆ ನಿಂತು, ಮತ್ತೆ ಅವನ್ನೇ ಮೊದಲಿನಿಂದ ಬಡಿಯತೊಡಗಿದಳು. ಫೆಬ್ರವರಿಯಿಂದ ಇದೊಂದು ಅಭ್ಯಾಸವಾಗಿತ್ತು. ಯಾವ ಕೆಲಸವನ್ನೇ ಆಗಲಿ ಒಂದೇ ಸಲ ಮಾಡಿದರೆ, ಮಾಡಿದೆನೆಂಬ ನಂಬಿಕೆ ಅವಳಿಗೆ ಬರುತ್ತಿರಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಹಂದಿ ಸಾಗಿಸುವ ಲಾರಿಯಿಂದ ಒಬ್ಬ ತಲೆ ಹೊರಹಾಕಿದ. "ಏನಕ್ಕಾ, ಇವತ್ತಾದ್ರೂ ನಿನ್ ಗಂಡ ನಿನ್ನ ಎಣಿಸ್ಕೊಂಡು ಹೊರಡ್ತಾನೋ?"

"ಅವನಿಗೆ ಎಲ್ಲಿ ಎಣಿಸೋಕೆ ಬರುತ್ತೆ? ಒಂದು ಆದ್ಮೇಲೆ ಮುಂದಿಂದು ಮರ್ತೋಗುತ್ತೆ."

ಅವನು ನಗುತ್ತ ಹಾರ್ನ್ ಒತ್ತಿದ. ಅವಳೂ ನಕ್ಕಳು. 1976ರ ಆ ಬೇಸಿಗೆಯಲ್ಲಿ ಓಕ್ಲಹೋಮಾದಿಂದ ಕ್ಯಾಲಿಫೋರ್ನಿಯಾದವರೆಗಿನ ಹೆದ್ದಾರಿಯಲ್ಲಿ ಅವಳನ್ನು ಕಂಡವರೆಲ್ಲ ಇಂಥದೊಂದು ಮಾತು ಎಸೆಯುತ್ತಿದ್ದರು. ಅದಕ್ಕೆ ಕಾರಣ ಅವಳ ಗಂಡ ಡಾಯ್ಲ್ ಬರೆದು ಹಾಡಿದ ಒಂದು ತಮಾಷೆ ಹಾಡು. ಹೆಂಡತಿ ಹಿಂದೆ ಮಲಗಿದ್ದಾಳೆಂದುಕೊಂಡ ಲಾರಿ ಡ್ರೈವರ್ ಒಬ್ಬ ಅವಳನ್ನು ಡೀಸೆಲ್ ಪಂಪಿನಲ್ಲೇ ಬಿಟ್ಟು ಹೊರಟು, ದಾರಿಯುದ್ದಕ್ಕೂ ಖಾಲಿ ಹಾಸಿಗೆಯ ಜೊತೆ ಮಾತಾಡುವ ಕಥೆ ಅದು. ತುಲ್ಸಾದ ಸಣ್ಣ ಕಂಪನಿಯೊಂದು ಅದರ ರೆಕಾರ್ಡ್ ತಂದಿತ್ತು. ಲಾರಿಯವರಿಗಾಗಿಯೇ ಹಾಡು ಹಾಕುವ ರೇಡಿಯೋದವರು ದಿನಕ್ಕೆರಡು ಸಲ ಹಾಕುತ್ತಿದ್ದರು. ಎರಡು ಚರಣ ಮುಗಿಯುತ್ತಿದ್ದಂತೆ ಡೀಸೆಲ್ ಜಾಹೀರಾತು ಬಂದು ಹಾಡನ್ನು ನುಂಗಿಬಿಡುತ್ತಿತ್ತು. ಒಲೀಟಾ ಕೇಳಿದ್ದೂ ಅಷ್ಟೇ.

ಕಥೆ ಕಟ್ಟಿದ್ದಲ್ಲ, ನಡೆದದ್ದು. ಜೋಡಿಯಾಗಿ ಲಾರಿ ಓಡಿಸುವವರಲ್ಲಿ ಒಬ್ಬರು ಸ್ಟೀರಿಂಗ್ ಹಿಡಿದಾಗ ಇನ್ನೊಬ್ಬರು ಸೀಟಿನ ಹಿಂದಿನ ಹಾಸಿಗೆಯಲ್ಲಿ ಪರದೆ ಎಳೆದುಕೊಂಡು ಮಲಗುತ್ತಾರೆ. ಮಲಗಿದವರು ನಡುವೆ ಎದ್ದು ಇಳಿದುಹೋದರೆ ಓಡಿಸುವವನಿಗೆ ತಿಳಿಯುವುದಿಲ್ಲ. ಅದಕ್ಕೇ ಒಂದು ಪದ್ಧತಿ: ಇಳಿಯುವವರು ತಮ್ಮ ಒಂದು ಬೂಟನ್ನು ಡ್ರೈವರ್ ಸೀಟಿನ ಮೇಲಿಟ್ಟು ಹೋಗಬೇಕು. ಅದನ್ನು ಎತ್ತದೆ ಯಾರೂ ಕೂರಲಾಗದು. ಮದುವೆಯಾದ ವರ್ಷವೇ ಡಾಯ್ಲ್‌ಗೆ ಇದನ್ನು ಕಲಿಸಿದವಳು ಒಲೀಟಾ. ಅವಳು ಅವನಿಗಿಂತ ಮೊದಲೇ ಈ ಕಸುಬಿಗೆ ಬಂದವಳು.

ಫೆಬ್ರವರಿಯ ಒಂದು ಬೆಳಗ್ಗೆ, ನ್ಯೂ ಮೆಕ್ಸಿಕೋದ ಸಾಂಟಾ ರೋಸಾದಲ್ಲಿ, ಡಾಯ್ಲ್ ಡೀಸೆಲ್ ತುಂಬಿಸಿ ಒಳಗೆ ಕಾಫಿಗೆ ಹೋಗಿದ್ದಾಗ ಅವಳಿಗೆ ಎಚ್ಚರವಾಯಿತು. ಹಿಂದಿನ ದಿನ ಇಬ್ಬರಿಗೂ ಜಗಳವಾಗಿತ್ತು. ಲಾರಿ ಬಿಟ್ಟು ಹಾಡಿಕೊಂಡಿರುತ್ತೇನೆ ಎಂದಿದ್ದ ಅವನು. ನಿನ್ನ ಗಂಟಲು ಬಚ್ಚಲುಮನೆಗೇ ಸಾಕು ಎಂದಿದ್ದಳು ಇವಳು. ಹೊರಗೆ ಹಿಮವಿತ್ತು. ಅವನ ರಬ್ಬರ್ ಬೂಟು, ಅವನ ಕೋಟು ಹಾಕಿಕೊಂಡು, ತನ್ನ ಬೂಟೊಂದನ್ನು ಸೀಟಿನ ಮೇಲಿಟ್ಟಳು. ಹೇಗೂ ಮುಖ ತೊಳೆಯುವುದು, ಬೆಚ್ಚಗಿನ ಬಚ್ಚಲಿಗೆ ಹೋದರೆ ಗಾಜು ಮಬ್ಬಾಗುತ್ತದೆ ಎಂದು ಕನ್ನಡಕವನ್ನೂ ತೆಗೆದು ಆ ಬೂಟಿನೊಳಗೇ ಸಿಕ್ಕಿಸಿದಳು. ಹಾಗೆ ಮಾಡಿದ್ದು ಅದೇ ಮೊದಲು.

ವಾಪಸು ಬಂದಾಗ ಲಾರಿ ಇರಲಿಲ್ಲ.

ರಾತ್ರಿಯಂಗಿಯ ಮೇಲೆ ಗಂಡಸಿನ ಕೋಟು ತೊಟ್ಟು ಅವಳು ಮಧ್ಯಾಹ್ನದವರೆಗೆ ಅಲ್ಲಿದ್ದಳು. ಕನ್ನಡಕವಿಲ್ಲದೆ ದೂರದ್ದು ಕಾಣುತ್ತಿರಲಿಲ್ಲ. ತಮ್ಮದೇ ಇರಬೇಕೆಂದು, ಬಂದ ಬಿಳಿ ಲಾರಿಗಳಿಗೆಲ್ಲ ಹಿಮದಲ್ಲಿ ಓಡಿ ಎದುರು ಹೋದಳು. ಪಂಪಿನವರು ಲಾರಿಯಿಂದ ಲಾರಿಗೆ ರೇಡಿಯೋದಲ್ಲಿ ಸುದ್ದಿ ದಾಟಿಸಿದರು. ಕೊನೆಗೆ ಬಂದ ಡಾಯ್ಲ್ ಅವಳನ್ನು ಅಪ್ಪಿಕೊಂಡು ಹೇಳಿದ: "ಬೂಟು ಇರ್ಲಿಲ್ಲ ಕಣೇ. ದೇವರಾಣೆ ಇರ್ಲಿಲ್ಲ."

ಬೂಟು ಹಾಸಿಗೆಯ ಕಾಲ್ದೆಸೆಯಲ್ಲಿತ್ತು. ಕನ್ನಡಕ ಎಲ್ಲಿ ಎಂದು ಕೇಳಿದಳು. "ಎಲ್ಲಿರುತ್ತೆ? ದಿನಾ ಇಡೋ ಗೂಡಲ್ಲೇ ಇದೆ," ಎಂದು ತೆಗೆದುಕೊಟ್ಟ.

ತಾನು ಕನ್ನಡಕವನ್ನು ಬೂಟಿನೊಳಗಿಟ್ಟ ನೆನಪು ಒಲೀಟಾಳಿಗೆ ಸ್ಪಷ್ಟವಾಗಿತ್ತು. ಅದು ಗೂಡಿನಲ್ಲಿದ್ದುದೂ ಅಷ್ಟೇ ನಿಜವಾಗಿತ್ತು. ಅವಳ ತಾಯಿಗೆ ಐವತ್ತರ ಹೊತ್ತಿಗೆ ಮರೆವು ಶುರುವಾಗಿ, ಕೊನೆಗೆ ಮಗಳ ಹೆಸರೂ ಹೋಗಿತ್ತು. ಒಲೀಟಾಳಿಗೆ ಈಗ ನಲವತ್ತೇಳು. ಕನ್ನಡಕದ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ, ಗಂಡನಿಗೂ. ತಪ್ಪು ನನ್ನದೇ ಎಂದು ಅವನಲ್ಲಿ ಕ್ಷಮೆ ಕೇಳಿದಳು. ಆಮೇಲೆ ಬೆಟ್ಟದ ಇಳಿಜಾರುಗಳನ್ನೆಲ್ಲ ಅವನಿಗೇ ಬಿಟ್ಟಳು. ಈಗ ಕೆಲಸವನ್ನೇ ಬಿಡುವುದೆಂದು ತೀರ್ಮಾನಿಸಿದ್ದಳು. ಕಂಪನಿಯಲ್ಲಿ ಲೋಡು ಹಂಚುವ ಗಾರ್ಲಂಡ್‌ಗೆ ತಿಂಡಿಯಾದ ಮೇಲೆ ಫೋನು ಮಾಡಿ, ಇದೇ ನನ್ನ ಕೊನೆಯ ಸವಾರಿ ಎಂದು ಹೇಳಬೇಕಿತ್ತು.

ದೊಣ್ಣೆಯನ್ನು ಸೀಟಿನ ಕೆಳಗಿಟ್ಟು ಒಳಗೆ ಹೋದಳು. ಡಾಯ್ಲ್ ಕೌಂಟರಿನ ಎತ್ತರದ ಕುರ್ಚಿಯಲ್ಲಿ ಕೂತು ಮೊಟ್ಟೆ ತಿನ್ನುತ್ತಿದ್ದ. ಸುತ್ತ ನಾಲ್ಕಾರು ಡ್ರೈವರುಗಳು. ಬಡಿಸುವ ಫೇ ಕಾಫಿಯ ಜಗ್ಗು ಹಿಡಿದೇ ಕೂಗಿದಳು:

"ಬಾರೆ ಒಲೀಟಾ! ನಿನ್ ಹಾಡು ನಮ್ ಹಾಡಿನ ಪೆಟ್ಟಿಗೆಗೂ ಬಂತು. ಪೂರ್ತಿ ರೆಕಾರ್ಡು ಕಣೇ, ಮಧ್ಯೆ ಜಾಹೀರಾತಿನ ಕಾಟ ಇಲ್ಲ."

"ಬೇಡ ಬಿಡೇ ಫೇ," ಎಂದ ಡಾಯ್ಲ್. "ಕೇಳಿ ಕೇಳಿ ಸಾಕಾಗಿದೆ."

"ಅಯ್ಯೋ, ನಾಚಿಕೆ ನೋಡ್ರೋ ಹಾಡುಗಾರಂಗೆ!" ಎಂದು ಒಬ್ಬ ಪೆಟ್ಟಿಗೆಗೆ ನಾಣ್ಯ ಹಾಕಿದ.

ಮೊದಲ ಚರಣಕ್ಕೆ ಎಲ್ಲರೂ ಮೇಜು ಕುಟ್ಟಿದರು. ಎರಡನೆಯದರಲ್ಲಿ ಹೆಂಡತಿಯ ಗೊರಕೆ ನಿಂತಿತೆಂದು ಡ್ರೈವರ್ ಖುಷಿಪಡುವ ಕಡೆ ಫೇ ಒಲೀಟಾಳ ಭುಜಕ್ಕೆ ಗುದ್ದಿದಳು. ಜಾಹೀರಾತು ಬರಲಿಲ್ಲ. ಮೂರನೆಯದು ಶುರುವಾಯಿತು:

ಸೀಟಿನ ಮೇಲೆ ಕೂತಿತ್ತೊಂದು ಹೆಂಗಸಿನ ಬೂಟು,
ಕನ್ನಡಕ ತೊಟ್ಟು ನೋಡ್ತಿತ್ತು ನನ್ನೇ ದುರುಗುಟ್ಟು;
ಹಿಂದಕ್ಕೆಸೆದೆ, ಪರದೆ ಎಳೆದೆ, ಗೇರು ಹಾಕಿದೆ ಮೆಲ್ಲಗೆ,
ಮದುವೆಯಾದಾಗಿಂದ ಸಿಕ್ಕಿರಲಿಲ್ಲ ಇಷ್ಟು ಶಾಂತಿ ನನಗೆ!

ಹೋಟೆಲು ಹೋ ಎಂದಿತು. ಒಬ್ಬನಿಗೆ ಕಾಫಿ ನೆತ್ತಿಗೇರಿತು. "ಕನ್ನಡಕ ಹಾಕ್ಕೊಂಡಿರೋ ಬೂಟು! ಎಲ್ಲಿಂದ ಹೊಳೀತೋ ಡಾಯ್ಲ್ ನಿಂಗೆ?"

ಡಾಯ್ಲ್ ತಟ್ಟೆಯಿಂದ ತಲೆ ಎತ್ತಲಿಲ್ಲ. ಒಲೀಟಾ ಅವನ ಪಕ್ಕದ ಕುರ್ಚಿಯಲ್ಲಿ ಕೂತಳು. ನಗೆ ಇಳಿಯುವವರೆಗೆ ಕಾದಳು.

"ಆವತ್ತು ನನ್ ಕನ್ನಡಕ ಎಲ್ಲಿತ್ತು ಅಂದೆ ನೀನು?"

"ಗೂಡಲ್ಲಿ. ಇದು ಹಾಡು ಕಣೇ. ನಗೋಕೆ ಏನಾದ್ರೂ ಬೇಕಲ್ಲ."

"ಬೂಟೊಳಗೆ ಕನ್ನಡಕ ಇಟ್ಟಿದ್ದೆ ಅಂತ ನಾನು ನಿಂಗೆ ಯಾವತ್ತೂ ಹೇಳಿಲ್ಲ."

ಅವನು ರೊಟ್ಟಿಯ ಚೂರಿನಿಂದ ತಟ್ಟೆ ಒರೆಸಿದ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

"ಸಿಟ್ಟಿತ್ತು ನಂಗೆ," ಎಂದ ಕೊನೆಗೆ, ಪಕ್ಕದವರಿಗೆ ಕೇಳದ ಹಾಗೆ. "ಹತ್ತು ಮೈಲಿ ಹೋಗಿ ತಿರುಗಿಸೋಣ ಅಂತಿದ್ದೆ. ಅಷ್ಟರಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿದ್ರು. ಆಮೇಲೆ ಹೇಗೆ ಹೇಳ್ಲಿ?"

"ಬಿಟ್ಟೋದೆ, ಅದು ಬಿಡು. ವಾಪಸ್ ಬಂದ್ಮೇಲೆ ನಾನು ನಿನ್ ಹತ್ರ ಕ್ಷಮೆ ಕೇಳ್ದೆ. ನೀನು ಕೇಳಿಸ್ಕೊಂಡೆ. ಅಮ್ಮನ ಥರಾನೇ ಆಗ್ತಿದೀನಿ ಅಂತ ಅತ್ತೆ. ನೀನು ತಲೆ ಸವರಿದೆ."

"ನಿಂಗೆ ಹೇಳೋಣ ಅಂತಾನೇ ಇದ್ದೆ, ಒಲೀಟಾ."

"ಹೇಳಿದೀಯಲ್ಲ. ಇವರಿಗೆಲ್ಲ ಹೇಳಿದೀಯ."

ಅವಳು ಎದ್ದು ಬಾಗಿಲ ಬಳಿಯ ಫೋನಿಗೆ ಹೋದಳು. ಗಾರ್ಲಂಡ್ ಅವಳ ದನಿ ಕೇಳಿದ್ದೇ ಮೆತ್ತಗಾದ.

"ಗೊತ್ತು ಕಣಮ್ಮಾ, ಡಾಯ್ಲ್ ಹೋದ ತಿಂಗಳೇ ಹೇಳಿದ. ಮರೆವು ಜಾಸ್ತಿ ಆಗಿದೆಯಂತೆ. ಅದ್ರಲ್ಲಿ ನಾಚಿಕೆ ಏನು ಬಂತು? ಅವನ ಜೊತೆಗೆ ಬೇರೆಯವನನ್ನ ಹುಡುಕಿದೀನಿ. ಪಿಟೀಲೂ ಬಾರಿಸ್ತಾನಂತೆ."

ಹೋದ ತಿಂಗಳು ಕೆಲಸ ಬಿಡುವ ಯೋಚನೆಯನ್ನು ಒಲೀಟಾ ಇನ್ನೂ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

"ಗಾರ್ಲಂಡ್, ನಾನು ಬಿಡ್ತಿಲ್ಲ. ನನಗೊಂದು ಲಾರಿ ಕೊಡು. ಒಬ್ಳೇ ಓಡಿಸ್ತೀನಿ."

"ಅದು ಹಾಗಲ್ಲಮ್ಮಾ. ಮರೆವು ಅಂತ ಒಂದ್ಸಲ ಮೇಲಿನವರ ಕಿವಿಗೆ ಬಿದ್ಮೇಲೆ ನಾನು ಸುಮ್ನೆ ಬೀಗದ ಕೈ ಕೊಡೋಕಾಗಲ್ಲ. ಓಡಿಸೋ ಪರೀಕ್ಷೆ ಮಾಡ್ಬೇಕು ಅಂತಾರೆ."

"ಹೊಸಬರಿಗೆ ಮಾಡೋದು?"

"ಅದೇ."

"ಅವನು ಸುಳ್ಳು ಹೇಳಿದಾನೆ ಅಂದ್ರೆ?"

"ಗಂಡ ಹೆಂಡ್ತಿ ಮಧ್ಯೆ ನಾನು ಬರಲ್ಲ ಕಣಮ್ಮಾ."

ಟ್ರೈಲರಿನಲ್ಲಿ ದನದ ಮಾಂಸವಿತ್ತು. ಕ್ಯಾಲಿಫೋರ್ನಿಯಾದ ಬಾರ್‌ಸ್ಟೋ ತಲುಪಲೇಬೇಕಿತ್ತು. ಅವಳು ಸ್ಟೀರಿಂಗ್ ಹಿಡಿದಾಗ ಅವನು ಮಲಗಿದ, ಅವನು ಹಿಡಿದಾಗ ಅವಳು ಮಲಗಿದಳು. ಫ್ಲ್ಯಾಗ್‌ಸ್ಟಾಫ್‌ನ ಇಳಿಜಾರು ಈ ಸಲ ಅವಳ ಪಾಳಿಗೆ ಬಂತು; ಬಿಟ್ಟುಕೊಡಲಿಲ್ಲ. ಮಧ್ಯೆ ಒಮ್ಮೆ ಡಾಯ್ಲ್ ಪರದೆ ಸರಿಸಿ, "ಗಾರ್ಲಂಡ್‌ಗೆ ನಾನೇ ಮಾತಾಡಿ ಸರಿಮಾಡ್ತೀನಿ," ಎಂದ. ಅವಳು ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿದಳು. ಅವನು ಪರದೆ ಎಳೆದುಕೊಂಡ. ಅವನು ಗಾರ್ಲಂಡ್‌ಗೆ ಫೋನು ಮಾಡಲಿಲ್ಲ. ಬಾರ್‌ಸ್ಟೋದಲ್ಲಿ ಲೋಡು ಇಳಿಸುತ್ತಿದ್ದ ಆಳುಗಳು ಅವಳನ್ನು ಗುರುತಿಸಿ ಮೊದಲ ಚರಣ ಹಾಡಿದರು. ಅವಳು ರಸೀದಿಗೆ ಸಹಿ ಹಾಕಿಸಿಕೊಂಡು ಬಂದಳು.

ಡಾಯ್ಲ್ ಈ ಶನಿವಾರ ತುಲ್ಸಾದ ಒಂದು ಮೇಳದಲ್ಲಿ ಹಾಡುತ್ತಾನೆ. ಒಲೀಟಾಳ ಪರೀಕ್ಷೆ ಸೋಮವಾರ ಬೆಳಗ್ಗೆ, ಓಕ್ಲಹೋಮಾ ಸಿಟಿಯ ಕಂಪನಿ ಯಾರ್ಡಿನಲ್ಲಿ. ಖಾಲಿ ಟ್ರೈಲರನ್ನು ಹಿಂದಕ್ಕೆ ತೆಗೆದು ಗೋದಾಮಿನ ಬಾಗಿಲಿಗೆ ನಿಲ್ಲಿಸುವುದರಿಂದ ಅದು ಶುರುವಾಗುತ್ತದೆ.