ಪ್ರಾಕ್ಸಿ ಕಲಿಸಿದ ಮೇಡಂ

ಮೇಡಂ ಅವರ ಎಡಗೈಯ ಮೂರು ಬೆರಳುಗಳು ತೊನ್ನಿನಿಂದ ಬೆಳ್ಳಗಾಗಿದ್ದವು, ಸುಣ್ಣದಲ್ಲಿ ಅದ್ದಿ ತೆಗೆದಂತೆ. ಕೀಬೋರ್ಡಿನ ಮೇಲೆ ಆ ಕೈ ಓಡುತ್ತಿದ್ದರೆ ಹೊಸಬರ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಮೊದಲ ದಿನ ನಾನೂ ನೋಡಿದೆ. "ತೊನ್ನು ಅದು, ಅಂಟಲ್ಲ. ಈಗ ಸ್ಕ್ರೀನ್ ನೋಡಮ್ಮ," ಎಂದರು.

ಸಿ.ವಿ. ರಾಮನ್ ನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪನಿ ಇತ್ತು. ಆಸ್ಪತ್ರೆಗಳಿಗೆ ಕರೆಗಂಟೆ ಮಾಡಿಕೊಡುತ್ತಿದ್ದೆವು. ರೋಗಿ ಮಂಚದ ಪಕ್ಕದ ಗುಂಡಿ ಒತ್ತಿದರೆ ನರ್ಸ್ ಕೂರುವಲ್ಲಿನ ಪರದೆಯ ಮೇಲೆ ಬೆಡ್ ನಂಬರ್ ಮೂಡಬೇಕು, ಅಷ್ಟೇ ಕೆಲಸ. ಮೇಡಂ ನಮ್ಮ ಟೀಮ್ ಲೀಡ್. ನಾನು ಕೆ.ಆರ್. ಪುರದ ಆಚೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಟೆಸ್ಟರ್. ಬಿ.ಸಿ.ಎ. ಓದಿದವಳು ಬೇರೆಯವರ ಪ್ರೋಗ್ರಾಂನಲ್ಲಿ ತಪ್ಪು ಹುಡುಕಿದರೆ ಸಾಕು, ತಾನೇ ಬರೆಯುವುದು ಬೇಡ ಎಂಬುದು ನಮ್ಮ ಡೈರೆಕ್ಟರ ಅಭಿಪ್ರಾಯವಾಗಿತ್ತು.

ಮೇಡಂ ಫ್ರೇಜರ್ ಟೌನಿನವರು, ಮನೆಯಲ್ಲಿ ದಖ್ಖನಿ ಉರ್ದು ಮಾತು. ಅವರ ಕನ್ನಡದಲ್ಲೂ ಆ ಎಳೆತ ಇತ್ತು. ರಂಜಾನ್ ತಿಂಗಳಲ್ಲಿ ತಾವು ಉಪವಾಸವಿದ್ದರೂ ಊಟದ ಹೊತ್ತಿಗೆ ನಮ್ಮ ಮೇಜಿಗೆ ಬಂದು ಕೂತು ಹರಟುತ್ತಿದ್ದರು. ಕಂಪ್ಯೂಟರಿನಲ್ಲಿ ದೋಷದ ಸಂದೇಶ ಬಂದರೆ ಅದನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವುದು ಅವರ ಅಭ್ಯಾಸ, ಕಣ್ಣು ಮಂಜಾದ ಹಿರಿಯರಿಗೆ ಪೇಪರ್ ಓದಿ ಹೇಳುವ ಹಾಗೆ. ಯಾರಾದರೂ ಅರ್ಧ ಓದಿ ಕಾರಣ ಹೇಳಲು ಹೊರಟರೆ ತಡೆಯುತ್ತಿದ್ದರು. "ಮೊದ್ಲು ಏನಾಗಿದೆ ಹೇಳು. ಯಾಕೆ ಅನ್ನೋದು ಆಮೇಲೆ."

ಒಂದು ಬೆಳಿಗ್ಗೆ ಬಾಣಸವಾಡಿಯ ನರ್ಸಿಂಗ್ ಹೋಮಿನಿಂದ ಫೋನ್ ಬಂತು. ಆಪರೇಷನ್ ಆಗಿದ್ದ ಒಬ್ಬ ಅಜ್ಜಿ ಗುಂಡಿ ಒತ್ತಿದ್ದಾರೆ, ಯಾರೂ ಬಂದಿಲ್ಲ. ತಾವೇ ಎದ್ದು ಬಚ್ಚಲಿಗೆ ಹೋಗುವಾಗ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಾರೆ. ಮೇಡಂ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟರು.

ಅಲ್ಲಿಗೆ ಹೋದಾಗ, ಅಜ್ಜಿ ಬಿದ್ದ ಹೊತ್ತಿನಲ್ಲಿ ಕೆಲಸದಲ್ಲಿದ್ದ ನರ್ಸ್ ಮೂಲೆಯಲ್ಲಿ ಅಳುತ್ತಾ ನಿಂತಿದ್ದಳು. ಇನ್ನೂ ಚಿಕ್ಕ ವಯಸ್ಸು. ಪರದೆಯ ಮೇಲೆ ನಂಬರೇ ಬರಲಿಲ್ಲ ಎಂದು ಅವಳು ಹೇಳುತ್ತಿದ್ದಳು. ಗೋಡೆಗೆ ಹಾಕಿದ್ದ ಗಂಟೆಯ ಪೆಟ್ಟಿಗೆಯಲ್ಲಿ ಮಾತ್ರ ಅಜ್ಜಿ ಗುಂಡಿ ಒತ್ತಿದ್ದು ಸರಿಯಾಗಿ ದಾಖಲಾಗಿತ್ತು. ಇವಳು ಫೋನ್ ನೋಡುತ್ತಾ ಕೂತಿದ್ದಳು ಎಂದು ಮೇಟ್ರನ್ ತೀರ್ಮಾನ ಮಾಡಿ, ಕೆಲಸದಿಂದ ತೆಗೆಯಲು ಹೊರಟಿದ್ದರು.

ಡೈರೆಕ್ಟರು ಮೇಡಂಗೆ ಫೋನ್ ಮಾಡಿದರು. ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಪೆಟ್ಟಿಗೇಲಿ ರೆಕಾರ್ಡ್ ಇದೆ ತಾನೆ? ನಮ್ಮ ಸಿಸ್ಟಂ ಸರಿಯಾಗಿದೆ ಅಂತ ಹೇಳಿ ಬಂದ್ಬಿಡಿ."

"ನೋಡಿ ಹೇಳ್ತೀನಿ ಸರ್," ಎಂದು ಮೇಡಂ ಫೋನ್ ಇಟ್ಟರು. ಆಮೇಲೆ ನರ್ಸ್ ಹತ್ತಿರ ಹೋಗಿ, "ಸಿಸ್ಟರ್, ಅದಕ್ಕೆ ಸ್ವಲ್ಪ ಮುಂಚೆ ಏನ್ ಮಾಡಿದ್ರಿ?" ಎಂದು ಕೇಳಿದರು.

"ಬೇರೆ ಬೆಡ್‌ನೋರು ಕರೆದಿದ್ರು ಮೇಡಂ. ಹೋಗಿ ನೋಡ್ಬಂದು, ನೋಡಿದೆ ಅಂತ ಸ್ಕ್ರೀನಲ್ಲಿ ಒತ್ತಿದೆ. ಅಷ್ಟೇ."

ಮೇಡಂ ಆಸ್ಪತ್ರೆಯ ಸರ್ವರಿಗೆ ಹೋಗುವ ವೈರನ್ನು ಕಿತ್ತು, ಖಾಲಿ ಮಂಚವೊಂದರ ಗುಂಡಿಯನ್ನು ನನ್ನಿಂದ ಒತ್ತಿಸಿದರು. ನಂಬರ್ ಮೂಡಿತು. ನರ್ಸ್ ಮಾಡಿದಂತೆಯೇ 'ನೋಡಿದೆ' ಎಂದು ಒತ್ತಿದರು. ಪಕ್ಕದ ಮಂಚದ ಗುಂಡಿಯನ್ನೂ ಒತ್ತಲು ಹೇಳಿದರು. ಒತ್ತಿದೆ. ಪರದೆ ಅಲುಗಲಿಲ್ಲ. ಮೇಟ್ರನ್ ಕೂಡ ಬಂದು ನೋಡಿದರು.

"ಸಿಸ್ಟರ್ ತಪ್ಪಿಲ್ಲ ಮೇಡಂ. ಪ್ರೋಗ್ರಾಂ ತಪ್ಪು. ಅದನ್ನ ಬರೆದಿದ್ದು ನಾನು," ಎಂದು ಮೇಡಂ ಮೇಟ್ರನ್‌ಗೆ ಹೇಳಿದರು. ವಾರ್ಡಿಗೆ ಹೋಗಿ ಅಜ್ಜಿಯ ಮಗನಿಗೂ ಅದೇ ಮಾತು ಹೇಳಿದರು. ಆತ ಜೋರಾಗಿಯೇ ಬೈದ. ಅವರು ನಿಂತು ಕೇಳಿಸಿಕೊಂಡರು.

ಆಫೀಸಿಗೆ ಬಂದು ನನಗೆ ವಿವರಿಸಿದರು. ಪರದೆಯನ್ನು ನೋಡಿಕೊಳ್ಳುವುದು ಒಂದು ಪ್ರೋಗ್ರಾಂ, ಸರ್ವರಿಗೆ ದಾಖಲೆ ಕಳಿಸುವುದು ಇನ್ನೊಂದು. ಎರಡೂ ಬೇರೆ ಬೇರೆ ಓಡುತ್ತಿರುತ್ತವೆ. ಅವುಗಳ ನಡುವೆ ಮಾತುಕತೆಗೆ ನಾವು ಬಳಸುತ್ತಿದ್ದ ಲೈಬ್ರರಿಯಲ್ಲಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂಗಳ ಕಟ್ಟಿನಲ್ಲಿ, ಪ್ರಾಕ್ಸಿ ಎಂಬುದಿದೆ. ಅದು ಆಚೆಯ ಪ್ರೋಗ್ರಾಂನ ಪರವಾಗಿ ಈಚೆ ಇರುವ ಪ್ರತಿನಿಧಿ. ಅದಕ್ಕೆ ಹೇಳಿದ್ದನ್ನು ಅದು ಆಚೆಗೆ ಮುಟ್ಟಿಸಿ ಉತ್ತರ ತರುತ್ತದೆ. ಮೇಡಂ ವರ್ಷಗಳ ಹಿಂದೆ ಬರೆದಿದ್ದ ರೀತಿಯಲ್ಲಿ, ಉತ್ತರ ಬರುವ ತನಕ ಪರದೆ ಬೇರೇನೂ ಮಾಡದೆ ಕಾಯುತ್ತಿತ್ತು. ಅಂದು ನರ್ಸ್ 'ನೋಡಿದೆ' ಎಂದು ಒತ್ತಿದ ದಾಖಲೆ ಹೋದಾಗ ಸರ್ವರ್ ನಿಧಾನವಾಗಿತ್ತು, ಅಜ್ಜಿ ಗುಂಡಿ ಒತ್ತುವಾಗ ಪರದೆ ಇನ್ನೂ ಕಾಯುತ್ತಾ ಕೂತಿತ್ತು.

"ಇದನ್ನ ಅಸಿಂಕ್ರನಸ್ ಮಾಡ್ಬೇಕು. ಕೆಲಸ ಹೇಳ್ಬಿಟ್ಟು, ಉತ್ತರ ಬಂದಾಗ ಪ್ರೋಗ್ರಾಂನಲ್ಲಿ ಈ ಫಂಕ್ಷನ್ ಓಡ್ಸು ಅಂತ ಬಿಟ್ಟು, ತನ್ನ ಪಾಡಿಗೆ ಮುಂದಕ್ಕೆ ಹೋಗ್ತಿರ್ಬೇಕು. ನೀನೇ ಬರಿ," ಎಂದರು.

"ನಾನಾ ಮೇಡಂ?"

"ಪಕ್ಕದಲ್ಲಿ ನಾನಿರ್ತೀನಲ್ಲ."

ನಾನು ಬರೆದೆ. ಆದರೂ ಪರದೆ ಶುರುವಿನಲ್ಲೇ ನಿಂತಿತು. ಪ್ರಾಕ್ಸಿಗೆ ಕೆಲಸ ಹೇಳುವುದನ್ನು ಬದಲಿಸಿದ್ದೆ, ಪ್ರಾಕ್ಸಿಯನ್ನು ಹುಟ್ಟಿಸುವುದನ್ನು ಹಳೆಯ ರೀತಿಯಲ್ಲೇ ಬಿಟ್ಟಿದ್ದೆ; ಅಲ್ಲೂ ಅದು ಆಚೆಯವರಿಗಾಗಿ ಕಾಯುತ್ತಿತ್ತು. ಅದನ್ನು ಸರಿ ಮಾಡಿದ ಮೇಲೆ, ಉತ್ತರ ಬರುವಷ್ಟರಲ್ಲಿ ಪರದೆಯ ಕಿಟಕಿ ಮುಚ್ಚಿದ್ದರೆ ಇಡೀ ಪ್ರೋಗ್ರಾಂ ಬಿದ್ದುಹೋಗುತ್ತಿತ್ತು. ಮುಚ್ಚುವ ಮೊದಲು ಕೇಳಿದ್ದನ್ನು ರದ್ದು ಮಾಡಬೇಕು ಎಂದು ಹೇಳಿಕೊಟ್ಟರು. ಎರಡೂ ಸಲ ಕೀಬೋರ್ಡ್ ಮುಟ್ಟಲಿಲ್ಲ, ಸಂದೇಶವನ್ನು ಗಟ್ಟಿಯಾಗಿ ಓದಿ, ತಿದ್ದುವುದನ್ನು ನನಗೇ ಬಿಟ್ಟರು. ಕೊನೆಗೆ ಎಲ್ಲ ಸರಿಹೋಯಿತೆಂದು ನಾನು ಎದ್ದಾಗ ಮತ್ತೆ ಕೂರಿಸಿದರು. "ಉತ್ತರ ಬರ್ಲೇ ಇಲ್ಲ ಅನ್ಕೋ. ಆಗ ಏನ್ ಮಾಡ್ಬೇಕು, ಅದನ್ನೂ ಬರಿ. ದಾಖಲೆ ಹಾಳಾಗ್ಲಿ, ಬೆಡ್ ನಂಬರ್ ಕಾಣ್ಲೇಬೇಕು."

ನರ್ಸ್ ಕೆಲಸ ಉಳಿಯಿತು. ನರ್ಸಿಂಗ್ ಹೋಮಿನವರು ನಮ್ಮ ಗಂಟೆಯನ್ನೂ ಉಳಿಸಿಕೊಂಡರು. ಡೈರೆಕ್ಟರು ಮಾತ್ರ ಮೇಡಂ ಅವರನ್ನು ಕ್ಷಮಿಸಲಿಲ್ಲ. ಲೀಡ್ ಕೆಲಸ ಬೇರೆಯವರಿಗೆ ಹೋಯಿತು. ಮೇಡಂ ಇಂದಿರಾನಗರದ ಇನ್ನೊಂದು ಕಂಪನಿ ಸೇರಿಕೊಂಡರು. ಹೊರಡುವ ಮೊದಲು ಡೈರೆಕ್ಟರ ಕೋಣೆಗೆ ಹೋಗಿ, ಹೊಸ ಪ್ರೋಗ್ರಾಂ ಬರೆದವಳು ನಾನೆಂದು ಹೇಳಿ, ನನ್ನನ್ನು ಟೆಸ್ಟಿಂಗಿನಿಂದ ಡೆವಲಪ್‌ಮೆಂಟಿಗೆ ಹಾಕಿಸಿಯೇ ಬಂದರು. ಇವತ್ತಿಗೂ ನಾನು ಉಣ್ಣುತ್ತಿರುವುದು ಆ ಕೆಲಸದ ಅನ್ನ.

ಹೋದ ವರ್ಷ ಮೇಡಂ ಹೃದಯಾಘಾತವಾಗಿ ತೀರಿಕೊಂಡರು. ಐವತ್ತೂ ಆಗಿರಲಿಲ್ಲ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ನಾನು ಬಸ್ಸಿಗೆ ನಿಂತಿದ್ದಾಗ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ ಹೇಳಿದರು. ಸ್ವಲ್ಪ ದಿನ ಬಿಟ್ಟು ಅವರ ಮನೆಗೆ ಹೋದೆ. ತಾಯಿ ನನ್ನನ್ನು ಹತ್ತಿರ ಕೂರಿಸಿಕೊಂಡು ಕೈ ಹಿಡಿದುಕೊಂಡರು.

"ಬೇಟಿ, ಆಫೀಸಲ್ಲಿ ಅವಳು ಏನ್ ಕೆಲಸ ಮಾಡ್ತಿದ್ಲು? ಕೇಳಿದ್ರೆ ಕಂಪ್ಯೂಟರ್ ಅಂತಿದ್ಲು, ಅಷ್ಟೇ."

ನಾನು ಬಾಣಸವಾಡಿಯ ವಿಷಯ ಹೇಳಿದೆ. ಗಂಟೆ, ಪರದೆ, ಅಳುತ್ತಿದ್ದ ನರ್ಸ್, ಎಲ್ಲ. ಅವರು ತಲೆ ಆಡಿಸುತ್ತಾ ಕೇಳಿದರು.

"ತಪ್ಪು ನಂದು ಅಂದ್ಲಾ?"

"ಹೂಂ ಅಮ್ಮ. ಎಲ್ಲರ ಮುಂದೆ."

ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಸಣ್ಣಗೆ ನಕ್ಕರು. "ಚಿಕ್ಕೋಳಿದ್ದಾಗ ಸಾಯ್ಬಡಿದ್ರೂ ಒಪ್ಕೋತಿರ್ಲಿಲ್ಲ."