ಅರಿಶಿನದ ಬಟ್ಟಲು ಹಿಡಿದ ಫೋಟೋ

ನಮ್ಮ ಬೀದಿಯಲ್ಲಿ ಯಾರಿಗಾದರೂ ಒಳ್ಳೆಯದಾದರೆ ಮೊದಲು ಬುದ್ಧಿಮಾತು ಬರುತ್ತದೆ, ಅದರ ಹಿಂದೆಯೇ ಹೊಟ್ಟೆಯುರಿ ಬರುತ್ತದೆ. ಸಂತೋಷ ಬಂದು ತಲುಪುವಷ್ಟರಲ್ಲಿ ನಾವು ಕೊಟ್ಟ ಕಾಫಿ ಮುಗಿದಿರುತ್ತದೆ. ನನ್ನ ಮೊಮ್ಮಗಳನ್ನು ಹತ್ತು ತಿಂಗಳ ಮಟ್ಟಿಗೆ ಪರದೇಶದ ಶಾಲೆಗೆ ಕಳಿಸಲು ಅವಳ ಶಾಲೆಯವರು ಆರಿಸಿದರು ಎಂದು ತಿಳಿದ ದಿನವೂ ಹಾಗೇ ಆಯಿತು. "ಹದಿನಾರು ವರ್ಷದ ಹುಡುಗಿ, ಅಷ್ಟು ದೂರವಾ?" ಎಂದರು ಕೆಲವರು. "ಅಲ್ಲಿ ಅನ್ನ ಸಿಗಲ್ಲ" ಎಂದಳು ಎದುರುಮನೆಯವಳು. ಅವಳು ನಮ್ಮೂರ ಸಿಂಗಾನಲ್ಲೂರು ಬಸ್‌ಸ್ಟ್ಯಾಂಡ್ ದಾಟಿದರೆ ದಿಕ್ಕು ತಪ್ಪುವವಳು. ನಾನು ಯಾರ ಮಾತಿಗೂ ಕಿವಿ ಕೊಡಲಿಲ್ಲ. ಬೀದಿಯ ಈ ಕೊನೆಯಿಂದ ಆ ಕೊನೆಯವರೆಗೆ ಕಲ್ಲುಸಕ್ಕರೆ ಹಂಚಿಕೊಂಡು ಬಂದೆ. ನನ್ನ ಮಂಡಿನೋವು ಅಂದು ಎಲ್ಲಿಗೆ ಹೋಗಿತ್ತೋ!

ಆದರೆ ಶಾಲೆ ಆರಿಸಿದರೆ ಸಾಲದಂತೆ. ಆಸ್ಟ್ರಿಯಾ ದೇಶದ ಯಾವುದಾದರೂ ಒಂದು ಮನೆಯವರು "ಈ ಹುಡುಗಿ ನಮ್ಮಲ್ಲಿ ಬಂದಿರಲಿ" ಎಂದು ಒಪ್ಪಬೇಕು. ಅದಕ್ಕೆ ಹುಡುಗಿ ತನ್ನ ವಿಷಯ, ಮನೆಯವರ ವಿಷಯ ಒಂದು ಕಾಗದದಲ್ಲಿ ಬರೆದು, ಜೊತೆಗೆ ಹತ್ತು ಫೋಟೋ ಕಳಿಸಬೇಕು. ಯಾರೂ ಒಪ್ಪದಿದ್ದರೆ ಪ್ರಯಾಣವೇ ಇಲ್ಲ. ನಾಲ್ಕನೇ ಕ್ಲಾಸು ಓದಿದ ನನಗೆ ಇದು ತಕ್ಷಣ ಅರ್ಥವಾಯಿತು. ಜಾತಕ, ಫೋಟೋ ಕಳಿಸಿ ಗಂಡಿನ ಕಡೆಯವರ ಉತ್ತರಕ್ಕೆ ಬಾಗಿಲು ನೋಡುತ್ತ ಕೂರುವುದು ನಮಗೇನು ಹೊಸದೇ? ಪದವಿ ಓದಿದ ಮಗನಿಗೆ ಅರ್ಥವಾಗಲು ಎರಡು ದಿನ ಬೇಕಾಯಿತು.

ಮಗ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಸೂಪರ್‌ವೈಸರ್. ಪರದೇಶಕ್ಕೆ ಹೋಗುವ ಬಟ್ಟೆಯನ್ನು ದಿನವೂ ನೋಡುತ್ತಾನಾದ್ದರಿಂದ ಪರದೇಶದವರ ಮನಸ್ಸೂ ತನಗೆ ಗೊತ್ತು ಎಂದುಕೊಂಡಿದ್ದಾನೆ.

"ಅವ್ರಿಗೆ ಒಂದು ನೂಲು ಎದ್ದಿದ್ರೂ ಆಗಲ್ಲಮ್ಮ. ಪೀಸ್ ವಾಪಸ್" ಎಂದ.

ಹಾಗಾಗಿ ಮಗಳಿಗೂ ಇಸ್ತ್ರಿ ಹಾಕಿ, ಮಡಚಿ, ಪ್ಲಾಸ್ಟಿಕ್ ಕವರಿನೊಳಗಿಟ್ಟು ಕಳಿಸಬೇಕೆಂದು ತೀರ್ಮಾನಿಸಿ, ಇಂಗ್ಲಿಷ್ ಮಾತಾಡಲು ಕಲಿಸುವ ಒಬ್ಬ ಮಾಸ್ಟರನ್ನು ಮನೆಗೆ ಕರೆತಂದ.

ಮಾಸ್ಟರು ಸೋಫಾದ ಮೇಲೆ ಕೂತರು. ಆ ಜಾಗದಲ್ಲಿ ಮೊದಲು ನನ್ನ ಯಜಮಾನರ ಗುಂಡಿಮಗ್ಗವಿತ್ತು. ಅವರು ಹೋದ ಮೇಲೆ ಗುಂಡಿ ಮುಚ್ಚಿಸಿ ಟೈಲ್ಸ್ ಹಾಕಿಸಿದೆವು. ನಲವತ್ತು ವರ್ಷ ಅವರು ಕಾಲು ಇಳಿಬಿಟ್ಟು ನೇಯ್ದ ಜಾಗದ ಮೇಲೆ ಮಾಸ್ಟರು ಕಾಲ ಮೇಲೆ ಕಾಲು ಹಾಕಿ, ತಮಿಳಿನಲ್ಲಿ ಶುರು ಮಾಡಿದರು.

"ನಿನ್ನ ಹವ್ಯಾಸ ಏನಮ್ಮಾ?"

"ನಿದ್ದೆ ಮಾಡೋದು ಸರ್."

"ಅದು ಬೇಡ. ಹಕ್ಕಿ ನೋಡೋದು ಅಂತ ಹಾಕೋಣ. ಕೆರೆ ಹತ್ರಾನೇ ಇದೆಯಲ್ಲ."

ಸಿಂಗಾನಲ್ಲೂರು ಕೆರೆಯ ಪಕ್ಕ ಬಸ್ಸು ಹೋಗುವಾಗ ನಮ್ಮ ಹುಡುಗಿ ಮೂಗು ಮುಚ್ಚಿಕೊಳ್ಳುತ್ತಾಳೆಯೇ ಹೊರತು ಒಂದು ಕೊಕ್ಕರೆಯನ್ನೂ ತಿರುಗಿ ನೋಡಿದವಳಲ್ಲ. ಆದರೂ ಹಕ್ಕಿ ಹಾರಿ ಬಂದು ಕಾಗದದಲ್ಲಿ ಕೂತಿತು.

ತಮಿಳು ಸೀಮೆಯಲ್ಲಿದ್ದರೂ ನಮ್ಮ ಮನೆಯಲ್ಲಿ ಕನ್ನಡ ಮಾತಾಡುವವರು ಎಲ್ಲರೂ. ಕನ್ನಡ ಓದಿ ಬರೆಯುವವಳು ಮಾತ್ರ ನಾನೊಬ್ಬಳೇ, ಕೊಳ್ಳೇಗಾಲದ ಕಡೆಯಿಂದ ಸೊಸೆಯಾಗಿ ಬಂದವಳು. ಇಂಗ್ಲಿಷ್ ನನಗೆ ಬಾರದು. ಮಾಸ್ಟರು ಹೋದ ಮೇಲೆ ಮೊಮ್ಮಗಳು ಕಾಗದವನ್ನು ನನಗೆ ಕನ್ನಡದಲ್ಲಿ ಹೇಳಿದಳು. 'ನಮ್ಮದು ಬಹಳ ಶಾಂತ ಕುಟುಂಬ. ಇಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಒಂದು ಇರುವೆಗೂ ನಾವು ನೋವು ಮಾಡುವುದಿಲ್ಲ.' ಸರಿಯಾಗಿ ಆ ಹೊತ್ತಿಗೆ ಸೊಸೆ ಅಡುಗೆಮನೆಯಲ್ಲಿ ಇರುವೆ ಸಾಯುವ ಸೀಮೆಸುಣ್ಣದಿಂದ ಗೆರೆ ಎಳೆಯುತ್ತ, "ಯಾರೇ ಸಕ್ಕರೆ ಡಬ್ಬ ಮುಚ್ಚದೆ ಬಿಟ್ಟಿದ್ದು?" ಎಂದು ಮೂರನೇ ಮನೆಗೆ ಕೇಳುವಂತೆ ಕೂಗುತ್ತಿದ್ದಳು.

"ಇದ್ರಲ್ಲಿ ನೀನು ಎಲ್ಲಿದ್ದೀಯೇ ಕಣ್ಣು?" ಎಂದು ಕೇಳಿದೆ.

"ಕೊನೇಲಿ ಅಜ್ಜಿ. ಸೈನ್ ಹಾಕಿದೀನಿ."

ಇನ್ನು ಫೋಟೋ. ಒಂಬತ್ತು ಸಿಕ್ಕವು. ಮನೆಯವರೆಲ್ಲ ಒಟ್ಟಿಗಿರುವ ಹತ್ತನೆಯದು ಮಾತ್ರ ಸಿಗಲಿಲ್ಲ. ಮದುವೆಮನೆಗಳ ಫೋಟೋದಲ್ಲಿ ಒಬ್ಬರು ಕಣ್ಣು ಮುಚ್ಚಿರುತ್ತಾರೆ, ಇನ್ನೊಬ್ಬರ ಬಾಯಲ್ಲಿ ಲಾಡು. ನಾನೇ ಎದ್ದು ಹೋಗಿ ನನ್ನ ಪೆಟ್ಟಿಗೆಯಿಂದ ಒಂದನ್ನು ತಂದುಕೊಟ್ಟೆ. ವಿಜಯದಶಮಿಯ ದಿನದ್ದು. ನಾವು ನಾಲ್ವರೂ ತಲೆ ಕೂಡಿಸಿ ನೋಡಿದೆವು. ನಾಲ್ವರಿಗೂ ಕಂಡದ್ದು ಒಂದೇ: ಎಲ್ಲರ ಕಣ್ಣೂ ತೆರೆದಿವೆ, ಯಾರ ತಲೆಯೂ ಕತ್ತರಿಸಿ ಹೋಗಿಲ್ಲ. "ಸೂಪರ್ ಅಮ್ಮಾ!" ಎಂದು ಮಗ ಮೊಬೈಲಿನಲ್ಲಿ ಅದನ್ನು ಹಿಡಿದು ಕಳಿಸಿಯೇಬಿಟ್ಟ.

ಆ ಫೋಟೋದಲ್ಲಿ ಏನಿತ್ತೆಂದು ಹೇಳಬೇಕು. ನಾವು ನೇಕಾರರು, ಚೌಡಮ್ಮನ ಮಕ್ಕಳು. ವಿಜಯದಶಮಿಗೆ ದೇವಿ ಬೀದಿಯಲ್ಲಿ ಬರುವಾಗ ನಮ್ಮ ಗಂಡಸರು ಮುಂದೆ ಮುಂದೆ ನಡೆಯುತ್ತ, "ತೀಸುಕೋ ತಾಯೇ", ಅಂದರೆ ತಗೋ ತಾಯಿ, ಎಂದು ಕೂಗುತ್ತ, ಕತ್ತಿಯಿಂದ ತಮ್ಮ ಎದೆಗೂ ತೋಳಿಗೂ ಹೊಡೆದುಕೊಳ್ಳುತ್ತಾರೆ. ರಕ್ತ ಬಂದ ಕಡೆ ಅರಿಶಿನ ಮೆತ್ತುತ್ತೇವೆ. ಫೋಟೋದಲ್ಲಿ ಮಗ ಬರಿಮೈಯಲ್ಲಿ ಕತ್ತಿ ಎತ್ತಿ ನಿಂತಿದ್ದಾನೆ, ಎದೆಯ ಮೇಲೆ ಕೆಂಪು ಇಳಿದಿದೆ. ಸೊಸೆ ಹೊಸ ರೇಷ್ಮೆಸೀರೆಯ ಸೆರಗು ಕಾಣುವಂತೆ ನಿಂತಿದ್ದಾಳೆ. ನಾನು ಇರುವ ನಾಲ್ಕು ಹಲ್ಲನ್ನೂ ತೋರಿಸಿ ನಗುತ್ತಿದ್ದೇನೆ. ನಡುವೆ ಮೊಮ್ಮಗಳು ಅರಿಶಿನದ ಬಟ್ಟಲು ಹಿಡಿದು, ಹುಟ್ಟುಹಬ್ಬದ ಕೇಕಿನ ಮುಂದೆ ನಿಂತವಳ ಹಾಗೆ ನಗುತ್ತಿದ್ದಾಳೆ.

ವಾರದ ಮೇಲೆ ಶಾಲೆಯಿಂದ ಮಗನಿಗೆ ಫೋನು ಬಂತು. ಒಂದು ಮನೆಯವರು ಕಾಗದ ಓದಿ ಹೆಚ್ಚುಕಡಿಮೆ ಒಪ್ಪಿದ್ದರಂತೆ. ಆಮೇಲೆ ಫೋಟೋ ನೋಡಿದರಂತೆ. ಇರುವೆಗೂ ನೋವು ಮಾಡದ ಅಪ್ಪ ಕತ್ತಿ ಹಿಡಿದಿದ್ದಾನೆ, ಮಗಳು ಪಕ್ಕದಲ್ಲಿ ನಗುತ್ತಿದ್ದಾಳೆ! ಮನೆಯಲ್ಲಿ ಜಗಳವಿದೆಯೇ, ಹುಡುಗಿ ಸುರಕ್ಷಿತವಾಗಿದ್ದಾಳೆಯೇ ಎಂದು ಕೇಳಿದರಂತೆ. ಭಾನುವಾರ ವಿಡಿಯೋದಲ್ಲಿ ಮಾತಾಡಿ, ಬೇಕೋ ಬೇಡವೋ ಹೇಳುತ್ತಾರಂತೆ.

ಮಗ ಬಣ್ಣ ಸರಿಯಾಗಿ ಹಿಡಿಯದ ಬಟ್ಟೆಯಂಥ ಮುಖ ಮಾಡಿಕೊಂಡು ಮನೆಗೆ ಬಂದ.

"ಯಾಕಮ್ಮಾ ಆ ಫೋಟೋ ಕೊಟ್ಟೆ?"

"ಕತ್ತಿ ಹಿಡ್ದಿದ್ದು ನೀನು, ಕಳ್ಸಿದ್ದು ನೀನು. ತಪ್ಪು ಮಾತ್ರ ನಂದಾ?"

ಬಾಯಿಗೆ ಹಾಗೆ ಬಂತು. ಹೊಟ್ಟೆಯೊಳಗೆ ಬೇರೆಯೇ ಇತ್ತು. ಮೊಮ್ಮಗಳಾದರೂ ನನ್ನನ್ನು ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವಳು ಗೋಡೆಯ ಮೇಲೆ ಅಂಟಿಸಿದ್ದ ಆ ದೇಶದ ನಕ್ಷೆಯ ಒಂದು ಮೂಲೆ ಎದ್ದಿತ್ತು. ಅದನ್ನು ಬೆರಳಲ್ಲಿ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು, ಇದೇ ಅವಳ ಕೆಲಸ. ಬೀದಿಯವರಿಗೆಲ್ಲ ಕಲ್ಲುಸಕ್ಕರೆ ತಿನ್ನಿಸಿ ನಾನೇ ಮಗುವಿನ ದಾರಿಗೆ ಕಲ್ಲು ಹಾಕಿದೆನೇ ಎಂದು ಎರಡು ದಿನ ನನ್ನನ್ನೇ ಬೈದುಕೊಂಡೆ.

ಮಾಸ್ಟರು ಮತ್ತೆ ಬಂದರು. ಅವರ ಬಳಿ ಔಷಧವಿಲ್ಲದ ರೋಗವೇ ಇಲ್ಲ.

"ಸುಲಭ. ಅದು ನಾಟಕ ಅಂತ ಹೇಳಿಬಿಡಿ. ಕತ್ತಿ ರಟ್ಟಿಂದು, ರಕ್ತ ಕುಂಕುಮದ ನೀರು."

"ಹೂಂ ಸರ್, ಅದೇ ಸರಿ" ಎಂದ ಮಗ. ವರ್ಷವರ್ಷವೂ ದೇವಿಯ ಮುಂದೆ ಸಿಂಹದ ಹಾಗೆ ಕೂಗುವವನು, ಸೋಫಾದ ಮುಂದೆ ಬೆಕ್ಕಾಗಿದ್ದ.

"ಚೌಡಮ್ಮನ ಮುಂದೆ ನೀನು ಕುಂಕುಮದ ನೀರಾ ಕೊಡೋದು?" ಎಂದೆ.

"ಅಮ್ಮಾ, ಸುಮ್ಮ ಇರು!"

ಭಾನುವಾರ ಮಧ್ಯಾಹ್ನ ಎರಡು ಗಂಟೆ. ಲ್ಯಾಪ್‌ಟಾಪಿನಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಕಂಡರು. ಇಬ್ಬರೂ ಉಣ್ಣೆಯ ಅಂಗಿ ಹಾಕಿಕೊಂಡು, ಹೆಣ್ಣು ನೋಡಲು ಬಂದವರ ಹಾಗೆಯೇ ಬಿಗಿದು ಕೂತಿದ್ದರು. ಮೊಮ್ಮಗಳು ಸೋಫಾದ ಮೇಲೆ. ಅವರಿಗೆ ಕಾಣದಂತೆ ಮಾಸ್ಟರು ಈಚೆ ನಿಂತು, ಹೇಳಬೇಕಾದ್ದನ್ನು ದಪ್ಪ ಅಕ್ಷರದಲ್ಲಿ ಬರೆದ ರಟ್ಟು ಎತ್ತಿ ಹಿಡಿದಿದ್ದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ.

ಹೆಂಗಸು ಏನೋ ಕೇಳಿದಳು. ಮೊಮ್ಮಗಳು ರಟ್ಟನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಆಮೇಲೆ ರಟ್ಟಿನ ಕಡೆ ತಿರುಗಲೇ ಇಲ್ಲ. ನನಗೆ ಮಾತು ತಿಳಿಯದಿದ್ದರೂ ಕೈ ತಿಳಿಯಿತು. ಕೈ ಎದೆಗೆ ಹೋಯಿತು, ತೋಳಿಗೆ ಹೋಯಿತು. ಮುನಿಸಿಕೊಂಡ ಹೆಂಗಸಿನಂತೆ ಮುಖ ತಿರುಗಿಸಿ ತೋರಿಸಿದಳು. ಅವಳು ಹೇಳಿದ್ದನ್ನು ಆಮೇಲೆ ನನಗೂ ಹೇಳಿದಳು. 'ದೇವಿ ನಮ್ಮ ತಾಯಿ. ಒಂದು ಸಲ ಮಕ್ಕಳ ಜೊತೆ ಬರುವಾಗ ಕೋಪ ಬಂದು ದಾರಿಯಲ್ಲೇ ನಿಂತುಬಿಟ್ಟಳು, ಬರಲ್ಲ ಅಂದಳು. ಮಕ್ಕಳು ಹೀಗೆ ಬೇಡಿಕೊಂಡ ಮೇಲೆ ಬಂದಳು. ನಮ್ಮಪ್ಪ ವರ್ಷಕ್ಕೊಮ್ಮೆ ಹೀಗೆ ಕರೆಯುತ್ತಾರೆ, ಉಳಿದ ದಿನ ಸೂಜಿ ಕಂಡರೂ ಹೆದರುತ್ತಾರೆ. ಅರಿಶಿನ ಹಚ್ಚುವುದು ನನ್ನ ಕೆಲಸ. ಮೊದಲ ವರ್ಷ ಅತ್ತುಬಿಟ್ಟಿದ್ದೆ, ಈಗಲೂ ಸ್ವಲ್ಪ ಭಯ. ಹಕ್ಕಿಯ ವಿಷಯ ಸುಳ್ಳು, ನನಗೆ ನಿದ್ದೆ ಇಷ್ಟ. ನಮ್ಮ ಮನೆಯಲ್ಲಿ ಎಲ್ಲರೂ ಕೂಗಾಡುತ್ತಾರೆ. ಇರುವೆಗಳನ್ನು ಅಮ್ಮ ಕೊಲ್ಲುತ್ತಾಳೆ.'

ಅಷ್ಟು ಹೇಳಿ, "ಅಪ್ಪಾ, ಬಾ" ಎಂದು ಕರೆದಳು. ಮಗ ಹೋಗಿ, ಲಸಿಕೆ ಹಾಕಿಸಿಕೊಳ್ಳುವ ಮಗುವಿನ ಹಾಗೆ ತೋಳು ಮಡಚಿ ಗಾಯದ ಕಲೆ ತೋರಿಸಿದ. ಮಾಸ್ಟರ ರಟ್ಟು ಮೆಲ್ಲಗೆ ಕೆಳಗಿಳಿಯಿತು.

ಅಲ್ಲಿನ ಹೆಂಗಸು ತಟ್ಟನೆ ಎದ್ದು ಹೋದಳು. ಮುಗಿಯಿತು ಎಂದುಕೊಂಡೆ. ಅವಳು ತಿರುಗಿ ಬಂದಾಗ ಕೈಯಲ್ಲಿ ಗೋಡೆಯಿಂದ ಕಿತ್ತು ತಂದ ಒಂದು ಫೋಟೋ ಇತ್ತು. ಹಿಮದ ಬೀದಿಯಲ್ಲಿ ಒಂದು ದೆವ್ವ! ಮೈತುಂಬ ಕೂದಲು, ತಲೆಯ ಮೇಲೆ ಮೊಳದುದ್ದ ಕೊಂಬು, ಸೊಂಟಕ್ಕೆ ಗಂಟೆ, ಕೈಯಲ್ಲಿ ಬೆತ್ತ. ಅವಳು ದೆವ್ವವನ್ನೂ ಪಕ್ಕದಲ್ಲಿ ಕೂತಿದ್ದ ಗಂಡನನ್ನೂ ಬೆರಳಲ್ಲಿ ತೋರಿಸಿ ನಗತೊಡಗಿದಳು. ಗಂಡ ನಾಚಿ ತಲೆ ಕೆರೆದುಕೊಂಡ.

"ಇದು ಅವ್ರೇ ಅಂತೆ ಅಜ್ಜಿ! ಚಳಿಗಾಲದಲ್ಲಿ ಊರ ಗಂಡಸರೆಲ್ಲ ಹಿಂಗೆ ವೇಷ ಹಾಕ್ಕೊಂಡು ಬೀದೀಲಿ ಓಡ್ತಾರಂತೆ, ಸಿಕ್ಕಿದೋರ ಕಾಲಿಗೆ ಬೆತ್ತದಲ್ಲಿ ಹೊಡೀತಾರಂತೆ."

ಸೊಸೆಯ ಮುಖ ಬಿಳಿಚಿಕೊಂಡಿತು. "ಅಯ್ಯೋ, ಇಂಥ ಮನೆಗಾ ಮಗೂನ ಕಳ್ಸೋದು? ಮನೇಲಿ ಜಗಳ ಗಿಗಳ ಇದ್ಯಾ ಕೇಳೇ. ಅಲ್ಲಿ ಸೇಫಾ?"

ನಾನು ನಕ್ಕ ನಗುವಿಗೆ ಕೆಮ್ಮು ಬಂದು ನೀರು ಕುಡಿಸಬೇಕಾಯಿತು. ಆ ನಗು ಆ ದೇಶಕ್ಕೂ ಕೇಳಿಸಿ, ಇದು ಯಾರು ಎಂದು ಅವರು ಕೇಳಿದರು. ಮೊಮ್ಮಗಳು ನನ್ನನ್ನು ಎಳೆದು ತಂದು ಮುಂದೆ ನಿಲ್ಲಿಸಿದಳು. ನಾನು ಕೈಮುಗಿದೆ. ಅವರೂ ಮುಗಿದರು. ಅವಳು ಬರಲಿ ಎಂದು ಅಲ್ಲೇ ಹೇಳಿಬಿಟ್ಟರು.

ಮುಂದಿನ ತಿಂಗಳು ಹೊರಡುತ್ತಾಳೆ. ಮಾಸ್ಟರು ತಮ್ಮ ಕ್ಲಾಸಿನ ಬಾಗಿಲಿಗೆ ಅವಳ ಫೋಟೋ ಹಾಕಿ, ಇಂಥ ಕಾಗದ ಬರೆದುಕೊಡುತ್ತೇವೆ ಎಂದು ಬೋರ್ಡು ತೂಗುಹಾಕಿದ್ದಾರೆ. ಎದುರುಮನೆಯವಳು ತನ್ನ ಮೊಮ್ಮಗನನ್ನು ಅಲ್ಲಿಗೆ ಸೇರಿಸಿದ್ದಾಳೆ. ಪರದೇಶದಲ್ಲಿ ಅನ್ನ ಸಿಗುತ್ತದೆಂದು ಈಗ ಅವಳೇ ಎಲ್ಲರಿಗೂ ಹೇಳುತ್ತಿದ್ದಾಳೆ. ನಾನು ಮೊಮ್ಮಗಳ ಪೆಟ್ಟಿಗೆಯಲ್ಲಿ ಒಂದು ಪೊಟ್ಟಣ ಅರಿಶಿನ ಇಟ್ಟಿದ್ದೇನೆ.

"ಇದ್ಯಾಕಜ್ಜಿ?"

"ಕೊಂಬಿನೋನು ಕಾಲಿಗೆ ಹೊಡೆದ್ರೆ ಹಚ್ಕೋ. ಅವ್ರಿಗೂ ಹಚ್ಚೋದು ಹೇಳ್ಕೊಡು."

ಮೊನ್ನೆ ಆಸ್ಟ್ರಿಯಾದ ಆ ಹೆಂಗಸು ಫೋನಿಗೆ ಒಂದು ಚಿತ್ರ ಕಳಿಸಿದ್ದಳು. ನಮ್ಮ ಹತ್ತನೆಯ ಫೋಟೋವನ್ನು ದೊಡ್ಡದು ಮಾಡಿಸಿ, ಅವರ ಗೋಡೆಯಲ್ಲಿ ಆ ಕೊಂಬಿನವನ ಪಕ್ಕದಲ್ಲೇ ತೂಗುಹಾಕಿದ್ದಾರೆ. ಮೊಮ್ಮಗಳಿಗಿಂತ ಮೊದಲು ನಾನೇ ಹೋಗಿ ಆ ಮನೆ ಸೇರಿಕೊಂಡಂತಾಯಿತು. ಅವರ ಮನೆಗೆ ಬಂದವರು ಎರಡೂ ಫೋಟೋ ನೋಡಿ, ಇವರಲ್ಲಿ ಮಕ್ಕಳನ್ನು ಹೆದರಿಸುವುದು ಯಾರು ಎಂದು ಕೇಳಿದರೆ, ಕತ್ತಿಯವನನ್ನೂ ಕೊಂಬಿನವನನ್ನೂ ಬಿಟ್ಟು, ನಾಲ್ಕು ಹಲ್ಲು ತೋರಿಸುತ್ತಿರುವ ನನ್ನ ಕಡೆಗೇ ಕೈ ತೋರಿಸಿಯಾರು. ತೋರಿಸಲಿ.